ಮ್ಯೂನಿಕ್: ವಾರ ನೋಡಿ, ವಲಯ ನೋಡಿ, ಆಮೇಲೆ ಊರು ನೋಡಿ

ಮ್ಯೂನಿಕ್‌ಗೆ ಮೊದಲ ಸಲ ಹೊರಟವರ ಫೋನಿನಲ್ಲಿ ನೋಡಬೇಕಾದ ಜಾಗಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಪಟ್ಟಿಯಲ್ಲಿ ತಪ್ಪೇನಿಲ್ಲ, ಯಾವ ಜಾಗಕ್ಕೆ ಯಾವ ವಾರ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಭಾನುವಾರ ಹಾಲು ತರಲು ಹೋದರೆ ಊರಿಗೆ ಊರೇ ಬಾಗಿಲು ಹಾಕಿರುತ್ತದೆ. ಸೋಮವಾರ ಚಿತ್ರಶಾಲೆಗೆ ಹೋದರೆ ರಜೆ. ಬುಧವಾರ ಬೆಳಿಗ್ಗೆ ಎಂಟಕ್ಕೇ ಅಗ್ಗದ ಟಿಕೆಟ್ ಹಿಡಿದು ರೈಲು ಹತ್ತಿದರೆ ದಂಡ. ಇಲ್ಲಿ ಪ್ರವಾಸ ಕೆಡುವುದು ಮಳೆಯಿಂದಲೋ ಭಾಷೆಯಿಂದಲೋ ಅಲ್ಲ, ಬಹುಪಾಲು ಇಂಥ ಲೆಕ್ಕ ತಪ್ಪಿದ್ದರಿಂದ. ಹಾಗಾಗಿ ಈ ಬರಹದಲ್ಲಿ ಅರಮನೆಗಳಿಗಿಂತ ಗಡಿಯಾರ ಮತ್ತು ಟಿಕೆಟ್ಟಿನ ಮಾತೇ ಹೆಚ್ಚು.

ಜರ್ಮನರ ಬಾಯಲ್ಲಿ ಊರಿನ ಹೆಸರು ಮ್ಯುನ್‌ಶೆನ್. ಬೋರ್ಡುಗಳಲ್ಲಿ, ರೈಲಿನ ಆ್ಯಪ್‌ಗಳಲ್ಲಿ ಕಾಣುವುದೂ ಅದೇ. ಸನ್ಯಾಸಿಗಳ ಬಳಿಯ ಜಾಗ ಎಂಬ ಅರ್ಥದಿಂದ ಬಂದ ಹೆಸರದು. 1158ರ ದಾಖಲೆಯಲ್ಲಿ ಮೊದಲು ಕಾಣುತ್ತದೆ. ಊರಿನ ಲಾಂಛನದಲ್ಲಿ ಇವತ್ತಿಗೂ ಕಪ್ಪು ನಿಲುವಂಗಿಯ ಸನ್ಯಾಸಿಯೇ ನಿಂತಿದ್ದಾನೆ.

ಹೊರಡುವ ಮೊದಲು

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಆ ಕೊನೆಯ ಗಡುವನ್ನು ನಂಬಬೇಡಿ; ಏಪ್ರಿಲ್–ಮೇ ಹೊತ್ತಿಗೆ ಬೆಂಗಳೂರಿನಲ್ಲಿ ಅರ್ಜಿ ಕೊಡಲು ದಿನ ಸಿಗುವುದೇ ಕಷ್ಟ. ದೊಡ್ಡವರಿಗೆ ಶುಲ್ಕ 90 ಯೂರೊ, ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿರಬೇಕು. ಬೆಂಗಳೂರಿನಿಂದ ಮ್ಯೂನಿಕ್‌ಗೆ ಲುಫ್ತಾನ್ಸಾದ ನೇರ ವಿಮಾನ 2023ರ ನವೆಂಬರ್‌ನಲ್ಲಿ ಶುರುವಾಯಿತು. ಅದು ದಿನವೂ ಹಾರುವುದಿಲ್ಲ, ದಿನಾಂಕ ನೋಡಿಕೊಂಡೇ ಹೋಟೆಲ್ ಬುಕ್ ಮಾಡಿ.

ಪೆಟ್ಟಿಗೆ ಕಟ್ಟುವಾಗ ಒಂದು ಎಚ್ಚರ. ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ, ಅಂದರೆ ಮನೆಯ ತುಪ್ಪಕ್ಕೂ ಖೋವಾಕ್ಕೂ ಪ್ರವೇಶವಿಲ್ಲ. ತಾಜಾ ಮಾವಿನಹಣ್ಣು, ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದನ್ನು ಯಾರೂ ಮಾಡಿಸುವುದಿಲ್ಲ. ವಿನಾಯಿತಿ ಇರುವುದು ಐದೇ ಹಣ್ಣಿಗೆ: ಬಾಳೆ, ತೆಂಗು, ಅನಾನಸ್, ಖರ್ಜೂರ ಮತ್ತು ದುರಿಯನ್. ಚಟ್ನಿಪುಡಿ, ಹುಳಿಪುಡಿ, ಅವಲಕ್ಕಿ ಧಾರಾಳವಾಗಿ ಒಯ್ಯಿರಿ.

ಊರು ಸಮುದ್ರ ಮಟ್ಟದಿಂದ ಸುಮಾರು 520 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ತಗ್ಗೇ. ಆದರೆ ಪಕ್ಕದಲ್ಲೇ ಆಲ್ಪ್ಸ್ ಇರುವುದರಿಂದ ಹವೆ ಒಂದೇ ದಿನದಲ್ಲಿ ಮಗುಚಿ ಬೀಳುತ್ತದೆ. ಜುಲೈನಲ್ಲಿ ಮಧ್ಯಾಹ್ನ 30 ಡಿಗ್ರಿ ಬಿಸಿಲು, ಸಂಜೆಗೆ ಗುಡುಗು ಮಳೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು, ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಮೇ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೋಗುವುದು ಒಳ್ಳೆಯದು. ಆಗಲೂ ಒಂದು ಮಳೆಯಂಗಿ ಚೀಲದಲ್ಲಿರಲಿ.

ಟಿಕೆಟ್ ಎಂಬ ಪರೀಕ್ಷೆ

ವಿಮಾನ ನಿಲ್ದಾಣ ಊರಿನಿಂದ ಸುಮಾರು 30 ಕಿಲೋಮೀಟರ್ ದೂರ. ಅಲ್ಲಿಂದ ಎಸ್1 ಮತ್ತು ಎಸ್8 ಎಂಬ ಎರಡು ಎಸ್-ಬಾನ್ (ಉಪನಗರ) ರೈಲುಗಳು ಊರಿಗೆ ಬರುತ್ತವೆ. ಎಸ್1 ಪಶ್ಚಿಮದ ಕಡೆಯಿಂದ, ಎಸ್8 ಪೂರ್ವದ ಕಡೆಯಿಂದ ಸುತ್ತಿಕೊಂಡು, ಎರಡೂ ಊರಿನ ನಡುಗಂಬವಾದ ಮರಿಯೆನ್‌ಪ್ಲಾಟ್ಸ್‌ಗೆ ಬಂದು ಸೇರುತ್ತವೆ. ಹೆಚ್ಚುಕಡಿಮೆ 40ರಿಂದ 50 ನಿಮಿಷ. ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತಿ, ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ವಲಯಕ್ಕೆ. ಎಂವಿವಿ ಎಂಬ ಸಾರಿಗೆ ಒಕ್ಕೂಟ ಊರನ್ನೂ ಸುತ್ತಮುತ್ತಲನ್ನೂ ವಲಯಗಳಾಗಿ ಹಂಚಿದೆ. ಇಡೀ ಊರು ‘ಎಂ’ ವಲಯ. ಅದರಾಚೆ 1, 2, 3 ಎಂದು ಉಂಗುರಗಳು. ವಿಮಾನ ನಿಲ್ದಾಣ ಇರುವುದು 5ನೇ ವಲಯದಲ್ಲಿ. ಹೀಗಾಗಿ ಮೊದಲ ದಿನಕ್ಕೆ ಬೇಕಾದ್ದು ಎಂ–5 ಟಿಕೆಟ್. ದಿನದ ಟಿಕೆಟ್ ಕೊಂಡರೆ ಮರುದಿನ ಬೆಳಗಿನ 6ರವರೆಗೆ ಎಸ್-ಬಾನ್, ಯು-ಬಾನ್ (ಊರಿನ ಮೆಟ್ರೊ), ಟ್ರಾಮ್, ಬಸ್ಸು ಎಲ್ಲದರಲ್ಲೂ ನಡೆಯುತ್ತದೆ. ಬೆಳಿಗ್ಗೆ ಇಳಿದವರಿಗೆ ಒಂದು ಸಲದ ಟಿಕೆಟ್ಟಿಗಿಂತ ಇದೇ ಲಾಭ. ಎರಡನೆಯ ದಿನದಿಂದ ಎಂ ವಲಯದ್ದು ಸಾಕು. ಐದೂ ದಿನಕ್ಕೆ ಎಂ–5 ಕೊಂಡು ದುಡ್ಡು ಕಳೆದುಕೊಳ್ಳುವವರು ಎಷ್ಟೋ ಮಂದಿ. ಎಂ ವಲಯದ ಟಿಕೆಟ್ಟಿನಲ್ಲೇ ವಿಮಾನ ನಿಲ್ದಾಣಕ್ಕೆ ಹೊರಟು ದಂಡ ಕಟ್ಟುವವರೂ ಅಷ್ಟೇ ಮಂದಿ.

ಜೊತೆಯಲ್ಲಿ ಜನ ಇದ್ದರೆ ಗುಂಪಿನ ದಿನದ ಟಿಕೆಟ್ ಕೇಳಿ. ಐದು ಜನ ದೊಡ್ಡವರಿಗೆ ಒಂದೇ ಟಿಕೆಟ್. 6ರಿಂದ 14 ವರ್ಷದ ಇಬ್ಬರು ಮಕ್ಕಳು ಒಬ್ಬ ದೊಡ್ಡವರಿಗೆ ಸಮ, 6 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಇಬ್ಬರಿದ್ದರೆ ಲೆಕ್ಕ ಸರಿಸರಿ, ಮೂವರಾದರೆ ಖಂಡಿತ ಉಳಿತಾಯ. ಆದರೆ ಅಷ್ಟೂ ಜನ ಒಟ್ಟಿಗೇ ಓಡಾಡಬೇಕು.

ಹತ್ತು ಪಟ್ಟಿಗಳ ಕಾಗದದ ಟಿಕೆಟ್ ಒಂದಿದೆ, ಹೆಸರು ಶ್ಟ್ರೈಫನ್‌ಕಾರ್ಟೆ. ದಿನಕ್ಕೆ ಒಂದೆರಡು ಸಲ ಮಾತ್ರ ಹತ್ತಿಳಿಯುವವರಿಗೆ ಅನುಕೂಲ, ಆದರೆ ಬಳಸುವ ಬಗೆ ತಿಳಿದಿರಬೇಕು. ಎಂ ವಲಯದೊಳಗಿನ ಒಂದು ಪ್ರಯಾಣಕ್ಕೆ ದೊಡ್ಡವರಿಗೆ ಎರಡು ಪಟ್ಟಿ. ಟಿಕೆಟ್ಟನ್ನು ಎರಡನೇ ಪಟ್ಟಿ ಮೇಲೆ ಬರುವಂತೆ ಮಡಚಿ, ನೀಲಿ ಬಣ್ಣದ ಯಂತ್ರದ ಬಾಯಿಗೆ ತೂರಿಸಿದರೆ ಟಿಣ್ ಎಂದು ಮುದ್ರೆ ಬೀಳುತ್ತದೆ. ಮುದ್ರೆ ಬೀಳಬೇಕಾದ್ದು ಎರಡನೇ ಪಟ್ಟಿಗೆ ಮಾತ್ರ. ಅದರ ಮೇಲಿನದು ತಾನಾಗಿ ಲೆಕ್ಕಕ್ಕೆ ಸೇರುತ್ತದೆ. ಪಟ್ಟಿಗೊಂದರಂತೆ ಮುದ್ರೆ ಒತ್ತುವುದು ಹೊಸಬರ ಮಾಮೂಲಿ ತಪ್ಪು. ನಾಲ್ಕು ನಿಲ್ದಾಣದೊಳಗಿನ ಚಿಕ್ಕ ಪ್ರಯಾಣಕ್ಕೆ ಒಂದೇ ಪಟ್ಟಿ ಸಾಕು, ಆ ನಾಲ್ಕರಲ್ಲಿ ಎಸ್-ಬಾನ್ ಅಥವಾ ಯು-ಬಾನ್ ನಿಲ್ದಾಣ ಎರಡನ್ನು ಮೀರಬಾರದು.

ನಮ್ಮ ಮೆಟ್ರೊದ ಹಾಗೆ ಇಲ್ಲಿ ತಡೆಗೇಟು ಇಲ್ಲ. ಯಾರೂ ತಡೆಯಲಿಲ್ಲವಲ್ಲ ಎಂದು ನೇರ ಪ್ಲಾಟ್‌ಫಾರ್ಮ್‌ಗೆ ಇಳಿದುಬಿಡುವುದು ಸುಲಭ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿ ಬಂದು, ಬಾಗಿಲು ಮುಚ್ಚಿದ ಮೇಲೆ ಗುರುತಿನ ಚೀಟಿ ತೆಗೆಯುತ್ತಾರೆ. ದಂಡ 60 ಯೂರೊ. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ, ‘ಪ್ರವಾಸಿ, ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಈ ರಗಳೆಯೇ ಬೇಡ ಎನ್ನುವವರು ಊರಿನ ಸಾರಿಗೆ ಸಂಸ್ಥೆಯಾದ ಎಂವಿಜಿಯ ಆ್ಯಪ್‌ನಲ್ಲಿ ಕೊಳ್ಳಲಿ. ಆದರೆ ರೈಲು ಹತ್ತುವ ಮೊದಲು ಕೊಳ್ಳಿ. ಹತ್ತಿದ ಮೇಲೆ ಕೊಂಡದ್ದು ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ವಾರಕ್ಕಿಂತ ಹೆಚ್ಚು ಉಳಿದು ಆಚೀಚೆ ಊರುಗಳಿಗೂ ಹೋಗುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದದ್ದು, 2026ರ ಜನವರಿಯಿಂದ 63 ಯೂರೊ. ದೇಶದ ಎಲ್ಲ ಊರುಗಳ ಬಸ್ಸು, ಮೆಟ್ರೊ, ನಿಧಾನದ ರೈಲುಗಳಲ್ಲಿ ನಡೆಯುತ್ತದೆ, ಐಸಿಇಯಂಥ ವೇಗದ ರೈಲಿನಲ್ಲಿ ಮಾತ್ರ ಇಲ್ಲ. ಎರಡು ಕೊಕ್ಕೆಗಳಿವೆ. ಅದು ಕ್ಯಾಲೆಂಡರ್ ತಿಂಗಳಿಗೆ ಸಿಗುತ್ತದೆ, 25ನೇ ತಾರೀಕು ಕೊಂಡರೂ ತಿಂಗಳ ಕೊನೆಗೇ ಮುಗಿಯುತ್ತದೆ. ಮತ್ತೆ ಅದು ಚಂದಾ. ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಾರ್ಡಿನಿಂದ ಹೋಗುತ್ತದೆ. ಕೊಂಡ ದಿನವೇ ರದ್ದತಿಗೂ ಗುಂಡಿ ಒತ್ತಿಬಿಡಿ.

ಊರಿನ ಎಸ್-ಬಾನ್ ರೈಲುಗಳೆಲ್ಲ ಹೆಚ್ಚಾಗಿ ನಡುವಿನ ಒಂದೇ ಸುರಂಗದ ಮೂಲಕ ಹಾಯುತ್ತವೆ: ಮುಖ್ಯ ನಿಲ್ದಾಣ, ಕಾರ್ಲ್ಸ್‌ಪ್ಲಾಟ್ಸ್, ಮರಿಯೆನ್‌ಪ್ಲಾಟ್ಸ್, ಇಸಾರ್‌ಟೋರ್, ರೋಸನ್‌ಹೈಮರ್ ಪ್ಲಾಟ್ಸ್, ಓಸ್ಟ್‌ಬಾನ್‌ಹೋಫ್. ಅಲ್ಲೊಂದು ಬಾಗಿಲು ಕೆಟ್ಟು ನಿಂತರೆ ಊರಿಡೀ ತಡ. ಎರಡನೇ ಸುರಂಗದ ಕೆಲಸ 2017ರಿಂದ ನಡೆಯುತ್ತಲೇ ಇದೆ, ವಾರಾಂತ್ಯಗಳಲ್ಲಿ ಹಳೆಯ ಸುರಂಗವನ್ನೂ ಆಗಾಗ ಮುಚ್ಚುತ್ತಾರೆ. ಪರದೆಯ ಮೇಲೆ ‘ಎಸ್‌ಇವಿ’ ಕಂಡರೆ ರೈಲಿನ ಬದಲು ಬಸ್ಸು ಎಂದು ಅರ್ಥ. ಆ ಬಸ್ಸಿಗೆ ಕಾಯುವ ಬದಲು ಯು5 ಹಿಡಿಯಿರಿ. ಮುಖ್ಯ ನಿಲ್ದಾಣದಿಂದ ಓಸ್ಟ್‌ಬಾನ್‌ಹೋಫ್‌ಗೆ ಅದು ಬೇರೆಯದೇ ಸುರಂಗದಲ್ಲಿ ಹೋಗುತ್ತದೆ.

ಉಳಿಯುವ ಜಾಗಕ್ಕೂ ವಲಯದ ಮಾತೇ ಅನ್ವಯ. ಹೆಸರಿನಲ್ಲಿ ಮ್ಯೂನಿಕ್ ಇದ್ದು 4ನೇ ವಲಯದಲ್ಲಿರುವ ಅಗ್ಗದ ಹೋಟೆಲ್, ದಿನದ ಟಿಕೆಟ್ ಸೇರಿಸಿದಾಗ ಅಗ್ಗವಾಗಿ ಉಳಿಯುವುದಿಲ್ಲ. ಮುಖ್ಯ ನಿಲ್ದಾಣದ ದಕ್ಷಿಣಕ್ಕೆ ಗೋಯೆತೆ ಬೀದಿಯ ಸುತ್ತ ಹೋಟೆಲ್‌ಗಳು ಹೆಚ್ಚು, ಗದ್ದಲವೂ ಹೆಚ್ಚು. ಪುಟ್ಟ ಮಕ್ಕಳಿರುವವರಿಗೆ ಓಸ್ಟ್‌ಬಾನ್‌ಹೋಫ್ ಬಳಿಯ ಹೈಡ್‌ಹೌಸನ್ ಒಳ್ಳೆಯದು. ರೀಮ್‌ನಲ್ಲಿ ದೊಡ್ಡ ವಾಣಿಜ್ಯ ಮೇಳ ನಡೆಯುವ ವಾರ ಎಲ್ಲೆಡೆ ಬಾಡಿಗೆ ಜಿಗಿಯುತ್ತದೆ, ದಿನಾಂಕ ನಿಮ್ಮ ಕೈಯಲ್ಲಿದ್ದರೆ ಅದನ್ನು ತಪ್ಪಿಸಿ.

ಹಳೆಯ ಊರು, ಒಂದು ದಿನದ ನಡಿಗೆ

ಹಳೆಯ ಊರನ್ನು ನಡೆದೇ ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಇಳಿಯಿರಿ. ಊರಿನವರು ಅದನ್ನು ಶ್ಟಾಖುಸ್ ಎನ್ನುತ್ತಾರೆ. ಅಲ್ಲಿ ಎಸ್-ಬಾನ್‌ನ ಬಾಗಿಲು ಎರಡೂ ಕಡೆ ತೆರೆಯುತ್ತದೆ, ಒಂದು ಕಡೆ ಇಳಿಯುವವರಿಗೆ, ನಡುವಿನ ಪ್ಲಾಟ್‌ಫಾರ್ಮ್ ಹತ್ತುವವರಿಗೆ. ತಪ್ಪು ಕಡೆ ಇಳಿದರೆ ಎದುರು ಬರುವ ಜನ ತಳ್ಳಿಕೊಂಡು ಬರುತ್ತಾರೆ. ಮೇಲೆ ಬಂದರೆ ಹಳೆಯ ಕೋಟೆಬಾಗಿಲು, ಅದರೊಳಗೆ ವಾಹನಗಳಿಲ್ಲದ ಬೀದಿ.

ದಾರಿಯಲ್ಲಿ ಎಡಕ್ಕೆ ತಿರುಗಿದರೆ ಫ್ರೌವೆನ್‌ಕಿರ್ಶೆ. ಈರುಳ್ಳಿಯಂಥ ತಲೆಯ ಜೋಡಿ ಗೋಪುರದ ಈ ಇಟ್ಟಿಗೆಯ ಚರ್ಚಿನ ಕೆಲಸ 1468ರಲ್ಲಿ ಶುರುವಾಗಿ ಇಪ್ಪತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಮುಗಿಯಿತು. ಗೋಪುರಗಳು ಸುಮಾರು 99 ಮೀಟರ್. ಊರೊಳಗೆ 100 ಮೀಟರ್ ಮೀರಿದ ಕಟ್ಟಡ ಬೇಡವೆಂದು 2004ರ ಜನಮತದಲ್ಲಿ ಊರವರು ಕೂದಲೆಳೆಯ ಬಹುಮತದಿಂದ ಹೇಳಿದ್ದರಿಂದ, ಗೋಪುರಗಳು ಇವತ್ತಿಗೂ ದೂರದಿಂದಲೇ ದಾರಿ ತೋರಿಸುತ್ತವೆ. ಒಳಗೆ ಕಾಲಿಟ್ಟ ಕೂಡಲೇ ನೆಲ ನೋಡಿ: ಒಂದು ಚಪ್ಪಡಿಯಲ್ಲಿ ಕಪ್ಪು ಹೆಜ್ಜೆ ಗುರುತು. ಸೈತಾನ ಇಲ್ಲಿ ನಿಂತು, ಕಿಟಕಿಯೇ ಇಲ್ಲದ ಚರ್ಚು ಎಂದು ಖುಷಿಯಲ್ಲಿ ಕಾಲು ಅಪ್ಪಳಿಸಿದನಂತೆ. ಕಥೆಗೆ ಕಾರಣ ವಾಸ್ತುವಿನಲ್ಲಿದೆ. ಆ ಜಾಗದಲ್ಲಿ ನಿಂತರೆ ಅಕ್ಕಪಕ್ಕದ ಕಿಟಕಿಗಳೆಲ್ಲ ಕಂಬಗಳ ಹಿಂದೆ ಅಡಗುತ್ತವೆ. ಎದುರಿನ ಕಿಟಕಿಯನ್ನು ಹಿಂದೆ ದೊಡ್ಡ ಪೀಠವೊಂದು ಮರೆಮಾಡಿತ್ತು, ಈಗ ಕಾಣುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಪಕ್ಕದ ಕಿಟಕಿಗಳೂ ಇಣುಕಲು ಶುರು. ನಿಂತು ನೋಡಬೇಕಾದದ್ದು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮರಿಯೆನ್‌ಪ್ಲಾಟ್ಸ್ ಸೇರಿ. ಹೊಸ ಪುರಭವನದ ಗೋಪುರದಲ್ಲಿರುವ ಗೊಂಬೆ ಗಡಿಯಾರ ದಿನಾ 11ಕ್ಕೂ 12ಕ್ಕೂ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಆಡುತ್ತದೆ. 43 ಗಂಟೆ, 32 ಗೊಂಬೆ. ಮೊದಲ ಕೆಲವು ನಿಮಿಷ ಗಂಟೆಗಳ ಸದ್ದು ಮಾತ್ರ, ಒಂದು ಗೊಂಬೆಯೂ ಅಲುಗುವುದಿಲ್ಲ. ‘ಇಷ್ಟೇನಾ’ ಎಂದು ಅರ್ಧ ಜನ ಹೊರಡುವುದು ಆಗಲೇ. ಆಮೇಲೆ ಮೇಲಿನ ಅಂತಸ್ತು ತಿರುಗುತ್ತದೆ. ಅದು 1568ರಲ್ಲಿ ಡ್ಯೂಕ್ ಐದನೇ ವಿಲ್ಹೆಲ್ಮ್‌ನ ಮದುವೆಯಲ್ಲಿ ನಡೆದ ಕುದುರೆ ಕಾಳಗ. ನೀಲಿ–ಬಿಳಿಯ ಬವೇರಿಯಾದ ಸವಾರನೂ ಕೆಂಪು–ಬಿಳಿಯ ಲೊರೇನ್‌ನ ಸವಾರನೂ ಮೊದಲ ಸುತ್ತಿನಲ್ಲಿ ಸುಮ್ಮನೆ ಹಾದುಹೋಗುತ್ತಾರೆ, ಎರಡನೇ ಸುತ್ತಿನಲ್ಲಿ ಲೊರೇನ್‌ನವನು ಹಿಂದಕ್ಕೆ ವಾಲಿಬೀಳುತ್ತಾನೆ. ಸೋಲುವವನು ಯಾವಾಗಲೂ ಅವನೇ. ಕೆಳಗಿನ ಅಂತಸ್ತಿನಲ್ಲಿ ಪೀಪಾಯಿ ಕಟ್ಟುವವರ ಕುಣಿತ. ಪ್ಲೇಗಿಗೆ ಹೆದರಿ ಮನೆ ಸೇರಿದ್ದ ಜನರನ್ನು ಬೀದಿಗೆ ಕರೆತರಲು ಅವರು ಕುಣಿದರೆಂಬ ನಂಬಿಕೆ. ಕೊನೆಗೆ ತುದಿಯಲ್ಲಿನ ಚಿನ್ನದ ಬಣ್ಣದ ಹುಂಜ ಮೂರು ಸಲ ಕೂಗುತ್ತದೆ. ಕೂಗಿನ ತನಕ ಕಾಯಿರಿ. ಎಲ್ಲರೂ ಕತ್ತೆತ್ತಿ ನಿಂತಿರುವ ಹೊತ್ತಾದ್ದರಿಂದ ಜೇಬುಗಳ್ಳರಿಗೂ ಅದೇ ಸುಗ್ಗಿ. ಚೀಲ ಮುಂದಕ್ಕೆ ಹಾಕಿಕೊಳ್ಳಿ.

ಎದುರಿನ ಪೀಟರ್ ಚರ್ಚಿನ ಗೋಪುರಕ್ಕೆ 300ರಷ್ಟು ಮೆಟ್ಟಿಲು, ಲಿಫ್ಟ್ ಇಲ್ಲ, ಮೇಲೆ ಹೋಗುವವರೂ ಇಳಿಯುವವರೂ ಒಂದೇ ಇಕ್ಕಟ್ಟಿನಲ್ಲಿ. ಊರನ್ನು ಮೇಲಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಏಕೆಂದರೆ ಪುರಭವನವೂ ಜೋಡಿ ಗೋಪುರವೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ಇಲ್ಲಿಂದ. ಮಂಡಿನೋವಿನವರು ಪುರಭವನದ ಲಿಫ್ಟಿಗೇ ಹೋಗಲಿ. ಕೆಳಗಿಳಿದರೆ ವಿಕ್ಟುವಾಲಿಯೆನ್‌ಮಾರ್ಕ್ಟ್, 1807ರಿಂದ ಇರುವ ಸಂತೆ. ಭಾನುವಾರ ಅಂಗಡಿಗಳಿಲ್ಲ. ತೂಕದ ಹಣ್ಣನ್ನು ಕೈಯಿಂದ ಮುಟ್ಟಿ ಆರಿಸುವಂತಿಲ್ಲ, ಬೆರಳು ತೋರಿಸಿ ಸಾಕು.

ಮಧ್ಯಾಹ್ನ ರೆಸಿಡೆನ್ಸ್ ಬೀದಿ ಹಿಡಿದು ಉತ್ತರಕ್ಕೆ ನಡೆಯಿರಿ. ಬಲಕ್ಕೆ ಬವೇರಿಯಾದ ದೊರೆಗಳ ಅರಮನೆ. ಬಾಗಿಲ ಸಿಂಹಗಳ ಗುರಾಣಿಯ ಮೇಲಿನ ಪುಟ್ಟ ಮೂತಿಗಳು ಸವರಿ ಸವರಿ ಹೊಳೆಯುತ್ತವೆ, ಅದೃಷ್ಟಕ್ಕೆಂದು. ಎಡಕ್ಕೆ ವಿಸ್ಕಾರ್ಡಿಗಾಸೆ ಎಂಬ ಓಣಿ, ತೀರಾ ಪುಟ್ಟದು. ಅದರ ನೆಲಗಲ್ಲುಗಳ ನಡುವೆ ಕಂಚಿನ ಕಲ್ಲುಗಳ ಒಂದು ಸಾಲು ಹಾವಿನಂತೆ ಬಳುಕಿ ಹೋಗಿದೆ. ಮುಂದಿನ ತಿರುವಿನಲ್ಲಿರುವ ಫೆಲ್ಡ್‌ಹೆರ್ನ್‌ಹಾಲೆ ಮಂಟಪದ ಬಳಿಯೇ 1923ರ ನವೆಂಬರ್ 9ರಂದು ಹಿಟ್ಲರ್‌ನ ದಂಗೆಗೆ ಗುಂಡು ಬಿದ್ದದ್ದು, ನಾಲ್ವರು ಪೊಲೀಸರೂ ಸತ್ತದ್ದು. ಅಧಿಕಾರಕ್ಕೆ ಬಂದ ಮೇಲೆ ನಾಜಿಗಳು ಅಲ್ಲಿ ತಮ್ಮ ಸ್ಮಾರಕ ಇಟ್ಟು ಕಾವಲು ನಿಲ್ಲಿಸಿದರು. ಹಾದುಹೋಗುವವರೆಲ್ಲ ಕೈ ಚಾಚಿ ಸಲಾಮು ಹೊಡೆಯಬೇಕಿತ್ತು. ಇಷ್ಟವಿಲ್ಲದವರು ಈ ಓಣಿಗೆ ತಿರುಗಿ ತಪ್ಪಿಸಿಕೊಳ್ಳುತ್ತಿದ್ದರು. ಕಂಚಿನ ಸಾಲು ಅವರ ಹೆಜ್ಜೆಗೆ. ಫಲಕ ಎದ್ದು ಕಾಣುವುದಿಲ್ಲ, ತಲೆ ತಗ್ಗಿಸಿ ನಡೆದವರಿಗೆ ಮಾತ್ರ ಸಿಗುತ್ತದೆ.

ಇದೇ ಎಳೆ ಹಿಡಿಯುವುದಾದರೆ ಮಂಟಪದ ಪಕ್ಕದ ಓಡಿಯೋನ್ಸ್‌ಪ್ಲಾಟ್ಸ್ ನಿಲ್ದಾಣದಿಂದ ಯು3 ಅಥವಾ ಯು6ರಲ್ಲಿ ಒಂದೇ ನಿಲ್ದಾಣ ಮುಂದೆ ವಿಶ್ವವಿದ್ಯಾಲಯ. 1943ರ ಫೆಬ್ರುವರಿ 18ರಂದು ಹಾನ್ಸ್ ಮತ್ತು ಸೋಫಿ ಶೋಲ್ ಯುದ್ಧವಿರೋಧಿ ಕರಪತ್ರ ಎಸೆದು ಸಿಕ್ಕಿಬಿದ್ದದ್ದು ಅದರ ಪಡಸಾಲೆಯಲ್ಲಿ. ನಾಲ್ಕೇ ದಿನಕ್ಕೆ ಇಬ್ಬರನ್ನೂ ಕೊಂದರು. ಎದುರಿನ ನೆಲದಲ್ಲಿ ಆ ಕರಪತ್ರಗಳೇ ಉದುರಿಬಿದ್ದಂತೆ ಹಾಳೆಗಳನ್ನು ಹುಗಿದಿದ್ದಾರೆ, ಎಷ್ಟೋ ಜನ ಕಸವೆಂದುಕೊಂಡು ದಾಟುತ್ತಾರೆ.

ಅಲ್ಲಿಂದ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಇಂಗ್ಲಿಷ್ ಗಾರ್ಡನ್. 1789ರಲ್ಲಿ ಶುರುವಾದ, 375 ಹೆಕ್ಟೇರಿನ ತೋಪು. ದಕ್ಷಿಣ ತುದಿಯಲ್ಲಿ ಐಸ್‌ಬಾಖ್ ಹೊಳೆಯ ನಿಂತ ಅಲೆಯ ಮೇಲೆ ಸರ್ಫಿಂಗ್ ಮಾಡುವವರನ್ನು ನೋಡಲು ಜನ ಸೇರುತ್ತಾರೆ. ಅಲೆ ಇದ್ದೇ ಇರುತ್ತದೆಂಬ ಭರವಸೆ ಬೇಡ. 2025ರ ಶರತ್ಕಾಲದಲ್ಲಿ ಹೊಳೆಯ ತಳ ಶುಚಿ ಮಾಡಿದ ಮೇಲೆ ಅಲೆಯೇ ಏಳದೆ ಊರಿಡೀ ಅದೇ ಮಾತಾಗಿತ್ತು. ಈಜಲು ನೀರಿಗಿಳಿಯುವುದು ಇಲ್ಲಿ ನಿಷಿದ್ಧ. ಇಳಿಯುವವರನ್ನು ಕಂಡು ನೀವೂ ಇಳಿಯಬೇಡಿ, ಸೆಳೆತ ಪ್ರಾಣ ತೆಗೆಯುತ್ತದೆ. ಬೇಸಿಗೆಯಲ್ಲಿ ಒಂದು ಹುಲ್ಲುಗಾವಲಿನಲ್ಲಿ ಬೆತ್ತಲೆ ಮಲಗಿ ಬಿಸಿಲು ಕಾಯುವವರು ಸಿಗುತ್ತಾರೆ. ಅದು ಅಲ್ಲಿ ಮಾಮೂಲು, ಫೋಟೊ ತೆಗೆಯುವುದು ಮಾತ್ರ ಸಲ್ಲದು.

ಭಾನುವಾರಕ್ಕೊಂದು, ಸೋಮವಾರಕ್ಕೊಂದು

ಬವೇರಿಯಾದಲ್ಲಿ ಅಂಗಡಿಗಳು ರಾತ್ರಿ 8ಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ಮಾಲ್‌ಗಳಿಗೂ ಇದೇ ನಿಯಮ. ಬ್ರೆಡ್ಡಿನಂಗಡಿ ಕೆಲವು ಗಂಟೆ ತೆರೆದಿರುತ್ತದೆ. ಮುಖ್ಯ ನಿಲ್ದಾಣ, ಓಸ್ಟ್‌ಬಾನ್‌ಹೋಫ್ ಮತ್ತು ವಿಮಾನ ನಿಲ್ದಾಣದ ಅಂಗಡಿಗಳು ಆಪದ್ಬಾಂಧವರು. ಶನಿವಾರ ಸಂಜೆ ಏಳರೊಳಗೆ ಹಾಲು, ಮೊಸರು, ತರಕಾರಿ ಮನೆಯಲ್ಲಿರಲಿ. ಜನವರಿ 6, ಮೇ 1, ಆಗಸ್ಟ್ 15, ಅಕ್ಟೋಬರ್ 3, ನವೆಂಬರ್ 1 ಹಬ್ಬದ ರಜೆಗಳು. ಅವು ಶನಿವಾರವೋ ಸೋಮವಾರವೋ ಬಿದ್ದರೆ ಎರಡು ದಿನ ಸಾಲು ಬಾಗಿಲು. ಜ್ವರ ಬಂದರೂ ಇದೇ ತೊಡಕು: ಪ್ಯಾರಾಸಿಟಮಾಲ್ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ, ಕೆಂಪು ‘ಎ’ ಗುರುತಿನ ಅಪೊಟೇಕೆಯಲ್ಲಿ ಮಾತ್ರ. ಊರಿನಿಂದಲೇ ಒಂದು ಪಟ್ಟಿ ತನ್ನಿ.

ಅದೇ ಭಾನುವಾರ ಚಿತ್ರಶಾಲೆಗಳಿಗೆ ಹಬ್ಬ. ಆಲ್ಟೆ ಪಿನಾಕೊಟೆಕ್, ಪಿನಾಕೊಟೆಕ್ ಡೆರ್ ಮೊಡೆರ್ನೆ, ಬ್ರಾಂಡ್‌ಹೋರ್ಸ್ಟ್ ಈ ಮೂರಕ್ಕೂ ಆ ದಿನ ತಲಾ 1 ಯೂರೊ. ಒಂದೇ ನೋಡುವುದಾದರೆ ಆಲ್ಟೆಗೆ ಹೋಗಿ: 1500ರಲ್ಲಿ ಡ್ಯೂರರ್ ಬರೆದ ತನ್ನದೇ ಚಿತ್ರ, ಆಲ್ಟ್‌ಡೋರ್ಫರ್‌ನ ಅಲೆಕ್ಸಾಂಡರ್ ಕಾಳಗ ಎರಡೇ ಸಾಕು. ನೊಯೆ ಪಿನಾಕೊಟೆಕ್ 2018ರ ಕೊನೆಯಿಂದ ದುರಸ್ತಿಗೆ ಮುಚ್ಚಿದೆ, ಹಳೆಯ ಪಟ್ಟಿಗಳನ್ನು ನಂಬಿ ಹೋಗಬೇಡಿ. ಸೋಮವಾರ ಇವೆಲ್ಲಕ್ಕೂ ಬಿಎಂಡಬ್ಲ್ಯು ಮ್ಯೂಸಿಯಂಗೂ ರಜೆ. ಆ ದಿನ ಡಾಯ್ಚಸ್ ಮ್ಯೂಸಿಯಂ ಇಡಿ. ಇಸಾರ್ ನದಿಯ ನಡುಗಡ್ಡೆಯ ಈ ತಂತ್ರಜ್ಞಾನ ಸಂಗ್ರಹಾಲಯ 1925ರಲ್ಲಿ ತೆರೆದದ್ದು, ಮಕ್ಕಳಿದ್ದರೆ ಅರ್ಧ ದಿನವೂ ಸಾಲದು. ಅಥವಾ 17ನೇ ನಂಬರಿನ ಟ್ರಾಮ್ ಹತ್ತಿ ನಿಂಫೆನ್‌ಬುರ್ಗ್ ಅರಮನೆಗೆ ಹೋಗಿ. ಉದ್ಯಾನಕ್ಕೆ ಟಿಕೆಟ್ಟೇ ಇಲ್ಲ.

ಒಲಿಂಪಿಯಾ ಪಾರ್ಕಿಗೆ ವಾರದ ಗೊಡವೆ ಇಲ್ಲ. ಯು3ರಲ್ಲಿ ಒಲಿಂಪಿಯಾಚೆಂಟ್ರುಮ್ ನಿಲ್ದಾಣ. ಜೇಡರ ಬಲೆಯಂಥ 1972ರ ಚಾವಣಿ, ಯುದ್ಧದಲ್ಲಿ ಉರುಳಿದ ಮನೆಗಳ ಅವಶೇಷ ಗುಡ್ಡೆ ಹಾಕಿ ಮಾಡಿದ ಬೆಟ್ಟ, ಆ ಕ್ರೀಡಾಕೂಟದಲ್ಲಿ ಭಯೋತ್ಪಾದಕರ ದಾಳಿಗೆ ಬಲಿಯಾದ ಇಸ್ರೇಲಿ ತಂಡದ 11 ಜನರ ಸ್ಮಾರಕ, ಎಲ್ಲ ಒಂದೇ ಸುತ್ತಿನಲ್ಲಿ. ಅದೇ ಕೂಟದಲ್ಲಿ ಕಂಚು ಗೆದ್ದ ಭಾರತದ ಹಾಕಿ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಆಡಿದ್ದರು.

ಊಟದ ವಿಚಾರ

ಸಸ್ಯಾಹಾರಿಗಳಿಗೆ ಮ್ಯೂನಿಕ್‌ನಲ್ಲಿ ಉಪವಾಸವೇನಿಲ್ಲ, ಮೋಸ ಹೋಗುವ ಜಾಗಗಳಿವೆ ಅಷ್ಟೇ. ಲೇಬರ್‌ಕೇಸೆ ಎಂಬ ಹೆಸರಿನಲ್ಲಿ ಚೀಸ್ ಎಂಬ ಪದ ಇದೆ, ತಟ್ಟೆಯಲ್ಲಿ ಇರುವುದು ಬರೀ ಮಾಂಸ. ಬವೇರಿಯಾದ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಸುರಿಯುವುದು ರೂಢಿ. ಹುರಿದ ಆಲೂಗಡ್ಡೆಯಲ್ಲಿ ಹಂದಿಯ ಚೂರು, ಕೆಂಪು ಎಲೆಕೋಸಿನಲ್ಲಿ ಹಂದಿಯ ಕೊಬ್ಬು ಇರಬಹುದು. ‘ವೆಜಿಟಾರಿಶ್’ ಎಂದಷ್ಟೇ ಕೇಳಿ ಸುಮ್ಮನಾಗದೆ ‘ಓನೆ ಫ್ಲೈಷ್‌ಬ್ರ್ಯೂಹೆ, ಓನೆ ಶ್ಪೆಕ್?’ ಎಂದೂ ಕೇಳಿ: ಮಾಂಸದ ಸಾರಿಲ್ಲ, ಹಂದಿ ಚೂರಿಲ್ಲ ತಾನೆ ಎಂದು. ಮೊಟ್ಟೆ ತಿನ್ನುವವರು ನೆಚ್ಚಿಕೊಳ್ಳಬಹುದಾದವು ಹುರಿದ ಈರುಳ್ಳಿ ಉದುರಿಸಿದ, ಚೀಸ್ ಬೆರೆಸಿದ ಶಾವಿಗೆಯಂಥ ಕೇಸ್‌ಶ್ಪೆಟ್ಸ್‌ಲೆ, ಅಣಬೆಯ ಗೊಜ್ಜಿನೊಂದಿಗೆ ಬರುವ ಬ್ರೆಡ್ಡಿನ ಉಂಡೆ; ಎರಡರಲ್ಲೂ ಮೊಟ್ಟೆ ಇರುತ್ತದೆ. ಮೊಟ್ಟೆ ಬೇಡದವರಿಗೆ ಬ್ರೆಟ್ಸೆಲ್ ಎಂಬ ಗಂಟು ಬ್ರೆಡ್ಡಿನ ಜೊತೆ ಒಬಾಟ್ಸ್‌ಡಾ ಎಂಬ ಚೀಸಿನ ಚಟ್ನಿ. ಮೊಟ್ಟೆ ತಿನ್ನುವವರಿಗೆ ಕೈಸರ್‌ಶ್ಮಾರ್ನ್ ಎಂಬ ಹರಿದ ದೋಸೆಯಂಥ ಸಿಹಿ. ಮಾಂಸ ತಿಂದರೂ ದನದ್ದು ಬೇಡ ಎನ್ನುವವರು ‘ರಿಂಡ್’ (ದನ), ‘ಕಾಲ್ಬ್’ (ಕರು) ಎರಡೂ ಪದ ನೆನಪಿಡಿ. ಊರಿನ ಹೆಮ್ಮೆಯ ಬಿಳಿ ಸಾಸೇಜಿನಲ್ಲಿ ಇರುವುದು ಕರುವಿನ ಮಾಂಸ, ಜೊತೆಗೆ ಹಂದಿಯದು.

ಬಿಯರ್ ಕುಡಿಯದವರೂ ಬಿಯರ್ ಗಾರ್ಡನ್‌ಗೆ ಹೋಗಲೇಬೇಕು. ಹಿಂದೆ ಬೇಸಿಗೆಯಲ್ಲಿ ಬಿಯರ್ ಕಾಸುವುದಕ್ಕೆ ನಿಷೇಧ ಇತ್ತು. ಚಳಿಗಾಲದಲ್ಲೇ ಮಾಡಿ ನೆಲಮಾಳಿಗೆಯಲ್ಲಿಟ್ಟು, ತಂಪು ಉಳಿಯಲೆಂದು ಮೇಲೆ ಬೇರು ಆಳಕ್ಕಿಳಿಯದ ಚೆಸ್ಟ್‌ನಟ್ ಮರ ನೆಟ್ಟರು. ನೆರಳಿಗೆ ಜನ ಬಂದು ಕೂತರು. ಹೋಟೆಲಿನವರು ದೂರು ಕೊಟ್ಟಾಗ 1812ರಲ್ಲಿ ದೊರೆ ಮ್ಯಾಕ್ಸ್ ಜೋಸೆಫ್ ರಾಜಿ ಮಾಡಿಸಿದ: ಬಿಯರ್ ಮಾರಿ, ಬ್ರೆಡ್ಡು ಬಿಟ್ಟು ಊಟ ಮಾರಬೇಡಿ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು, ಆ ಹಕ್ಕು ಇಂದಿಗೂ ಉಳಿದಿದೆ. ಬಟ್ಟೆ ಹಾಸದ ಬರಿ ಮೇಜಿಗೆ ಕೂತು ನಿಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಯಾರೂ ಕೇಳುವುದಿಲ್ಲ. ಕುಡಿಯುವುದನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಬಟ್ಟೆ ಹಾಸಿದ ಮೇಜಿನಲ್ಲಿ ಈ ಸ್ವಾತಂತ್ರ್ಯ ಇಲ್ಲ. ಜಾಗ ಸಾಲದಿದ್ದರೆ ‘ಇಸ್ಟ್ ಹಿಯರ್ ನೋಖ್ ಫ್ರೈ?’ ಎಂದು ಕೇಳಿ ಅಪರಿಚಿತರ ಮೇಜಿಗೇ ಕೂರುವುದು ಪದ್ಧತಿ. ಮದ್ಯ ಬೇಡದವರು ಆಪ್‌ಫೆಲ್‌ಶೋರ್ಲೆ (ಸೋಡಾ ಬೆರೆಸಿದ ಸೇಬಿನ ರಸ) ಅಥವಾ ಶ್ಪೆಟ್ಸಿ (ಕಿತ್ತಳೆ ಪಾನೀಯ ಬೆರೆಸಿದ ಕೋಲಾ) ಕೇಳಿ. ರಾಡ್ಲರ್ ಎಂಬುದು ನಿಂಬೆ ಪಾನಕದ ಹಾಗೆ ಕಂಡರೂ ಅರ್ಧ ಬಿಯರ್. ಲೋಟಕ್ಕೆ ಠೇವಣಿ ಇರುತ್ತದೆ, ಕೊಟ್ಟ ಬಿಲ್ಲೆ ಕಳೆಯದೆ ವಾಪಸ್ ಕೊಟ್ಟು ಹಣ ಪಡೆಯಿರಿ. ಅಂಗಡಿಯ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೂ 25 ಸೆಂಟ್ ಠೇವಣಿ ಸೇರಿರುತ್ತದೆ. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕುವ ಮೊದಲು ನಜ್ಜುಗುಜ್ಜು ಮಾಡಬೇಡಿ, ಯಂತ್ರ ಓದುವುದಿಲ್ಲ.

ಹೋಟೆಲಿನಲ್ಲಿ ನೀರು ಪುಕ್ಕಟೆ ಬರುವುದಿಲ್ಲ, ‘ವಾಸರ್’ ಎಂದರೆ ಗ್ಯಾಸಿನ ನೀರು ತರುತ್ತಾರೆ. ನಲ್ಲಿಯ ನೀರು ಬೆಟ್ಟದ ತಪ್ಪಲಿನಿಂದ ಬರುವ ಒಳ್ಳೆಯ ನೀರು, ಬಾಟಲಿ ತುಂಬಿಸಿಕೊಂಡು ಓಡಾಡಿ. ಟಿಪ್ಪನ್ನು ಮೇಜಿನ ಮೇಲೆ ಬಿಟ್ಟುಹೋಗುವುದಲ್ಲ. ಬಿಲ್ 27 ಆದರೆ ದುಡ್ಡು ಕೊಡುವಾಗಲೇ ‘30’ ಎನ್ನಿ. ಐವತ್ತು ಯೂರೊದಷ್ಟು ನಗದು ಸದಾ ಜೇಬಿನಲ್ಲಿರಲಿ, ವಿದೇಶಿ ಕಾರ್ಡ್ ಒಪ್ಪದ ಅಂಗಡಿಗಳು ಈಗಲೂ ಇವೆ.

ಊರಾಚೆ

ಡಾಹೌ ಬಂಧನ ಶಿಬಿರ 1933ರ ಮಾರ್ಚ್‌ನಲ್ಲಿ ತೆರೆದದ್ದು, ನಾಜಿಗಳ ಮುಂದಿನ ಶಿಬಿರಗಳಿಗೆಲ್ಲ ಮಾದರಿ. ಎಸ್2ರಲ್ಲಿ ಡಾಹೌ, ಅಲ್ಲಿಂದ 726ನೇ ನಂಬರಿನ ಬಸ್ಸು. ಡಾಹೌ 1ನೇ ವಲಯ, ಎಂ–1 ಟಿಕೆಟ್ ಬೇಕು. ಪ್ರವೇಶ ಉಚಿತ, ವಾರದ ಎಲ್ಲ ದಿನ ತೆರೆದಿರುತ್ತದೆ. ಮೂರು ಗಂಟೆ ಇಟ್ಟುಕೊಳ್ಳಿ, ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ, ಆ ದಿನ ಸಂಜೆಗೆ ಬೇರೇನೂ ಹಮ್ಮಿಕೊಳ್ಳಬೇಡಿ.

ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಹೋಗುವವರು ಗಡಿಯಾರದ ಲೆಕ್ಕ ಹೀಗೆ ಹಾಕಬೇಕು. ಬೈಯರ್ನ್ ಟಿಕೆಟ್ ಐದು ಜನರವರೆಗೆ ಒಂದೇ ಟಿಕೆಟ್ಟಿನಲ್ಲಿ ಬವೇರಿಯಾ ಪೂರ್ತಿ ಸುತ್ತಿಸುತ್ತದೆ, ಆದರೆ ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9ರ ಮೇಲೆ ಮಾತ್ರ. ಹೆಸರುಗಳನ್ನು ಅದರ ಮೇಲೆ ಬರೆದಿರಬೇಕು. ಫ್ಯೂಸನ್‌ಗೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಹತ್ತು ನಿಮಿಷ, ಗುಡ್ಡ ಹತ್ತಲು 40 ನಿಮಿಷ. ಒಂಬತ್ತರ ನಂತರದ ರೈಲು ಹಿಡಿದರೆ ಮಧ್ಯಾಹ್ನ ಒಂದೂವರೆಗಿಂತ ಮೊದಲಿನ ಸರದಿ ತೆಗೆದುಕೊಳ್ಳುವುದು ಜೂಜು. ಟಿಕೆಟ್ ಮೇಲಿನ ನಿಮಿಷ ದಾಟಿದರೆ ಒಳಗೆ ಬಿಡುವುದಿಲ್ಲ, ಹಣವೂ ವಾಪಸ್ ಇಲ್ಲ. ಬೇಸಿಗೆಯಲ್ಲಿ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳದೆ ಹೊರಡಬೇಡಿ. ವಾರಾಂತ್ಯದಲ್ಲಿ 9ರ ಷರತ್ತು ಇಲ್ಲ, ಜನಸಂದಣಿ ಇದೆ.

ಅಕ್ಟೋಬರ್‌ಫೆಸ್ಟ್ ಹೆಸರಿಗೆ ಅಕ್ಟೋಬರ್, ಶುರುವಾಗುವುದು ಸೆಪ್ಟೆಂಬರ್ 15ರ ನಂತರದ ಶನಿವಾರ. ಮೈದಾನಕ್ಕೂ ಡೇರೆಗಳಿಗೂ ಪ್ರವೇಶ ಉಚಿತ, ಆದರೆ ಕೂತವರಿಗೆ ಮಾತ್ರ ಬಿಯರ್ ಕೊಡುವುದು ರೂಢಿ. ಕಾಯ್ದಿರಿಸದವರು ವಾರದ ದಿನ ಮಧ್ಯಾಹ್ನಕ್ಕೆ ಮೊದಲೇ ಹೋಗಿ. ಮೂರು ಲೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಥೆರೇಸಿಯೆನ್‌ವೀಸೆ ಯು-ಬಾನ್ ನಿಲ್ದಾಣ ಸಂಜೆ ಉಸಿರುಗಟ್ಟುತ್ತದೆ, ಗೋಯೆತೆಪ್ಲಾಟ್ಸ್ ಅಥವಾ ಹಾಕರ್‌ಬ್ರ್ಯೂಕೆಯವರೆಗೆ ನಡೆದು ಅಲ್ಲಿಂದ ರೈಲು ಹಿಡಿಯಿರಿ. ಹಬ್ಬದಲ್ಲಿ ಆಸಕ್ತಿ ಇಲ್ಲದವರು ಆ ಎರಡೂ ಚಿಲ್ಲರೆ ವಾರ ಮ್ಯೂನಿಕ್ ಕಡೆ ತಲೆ ಹಾಕದಿರುವುದೇ ಲೇಸು.

ವಾಪಸ್ ಹೊರಡುವ ದಿನ ಮತ್ತೆ ಎಂ–5 ಟಿಕೆಟ್. ಎಸ್8 ಸಿಕ್ಕರೆ ಯೋಚನೆ ಇಲ್ಲ. ಎಸ್1 ಹತ್ತಿದರೆ ಮಾತ್ರ ಡಬ್ಬಿಯ ಮೇಲಿನ ಫಲಕ ಓದಿ: ನೊಯ್‌ಫಾರ್ನ್ ನಿಲ್ದಾಣದಲ್ಲಿ ರೈಲು ಎರಡಾಗಿ, ಮುಂದಿನ ಭಾಗ ಫ್ರೈಸಿಂಗ್‌ಗೆ, ಹಿಂದಿನ ಭಾಗ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಪೆಟ್ಟಿಗೆ ಎಳೆದುಕೊಂಡು ಪ್ಲಾಟ್‌ಫಾರ್ಮಿನ ಹಿಂದಿನ ತುದಿಗೆ ಹೋಗಿಯೇ ಹತ್ತಿ. ತಪ್ಪು ಭಾಗದಲ್ಲಿ ಕೂತಿದ್ದೀರೆಂದು ಗೊತ್ತಾದರೆ ನೊಯ್‌ಫಾರ್ನ್‌ನಲ್ಲೇ ಇಳಿದು ಹಿಂದಕ್ಕೆ ಓಡಿ, ಬಿಡಿಸುವ ಹೊತ್ತಿಗೆ ಒಂದೆರಡು ನಿಮಿಷ ಸಿಗುತ್ತದೆ.